ನೂಕುವ ಅಂಕಲ್

ವಿಠಲರಾವ್ ಕಟ್ಟಿಯವರು ಮೂರು ವರ್ಷ ಕೇರಳದಲ್ಲಿದ್ದರು. ಆ ಮೂರು ವರ್ಷದಲ್ಲಿ ಮಲಯಾಳದ ಮೂರು ಶಬ್ದವನ್ನೂ ಕಲಿಯಲಿಲ್ಲ. ಅವರ ತಲೆಗೆ ಹತ್ತಲಿಲ್ಲ ಎಂದು ಯಾರೂ ತಿಳಿಯಬಾರದು. ಇಂಗ್ಲಿಷು, ಹಿಂದಿ, ಮರಾಠಿ ಎಲ್ಲವನ್ನೂ ಧಾರವಾಡದಲ್ಲೇ ಅರೆದು ಕುಡಿದು ಬಂದವರು. ಮಲಯಾಳ ಕಲಿಯುವ ಅಗತ್ಯವೇ ಇಲ್ಲ ಎಂಬುದು ಅವರ ಸಿದ್ಧಾಂತವಾಗಿತ್ತು.

"ಏ ಕಮಲಾಕ್ಷಾ, ಮಲಯಾಳಂ ಅಂದ್ರ ಬ್ಯಾರೆ ಭಾಷಾ ಅಂತ ತಿಳದೀಯೇನು? ನಮ್ಮ ಕನ್ನಡಾನೇ ಅದು. ಇಲ್ಲೆ ಮಳಿ ಭಾಳ ನೋಡು, ತೋಯ್ದು ಉಬ್ಬ್ಯದ, ಅಷ್ಟ."

ಕಮಲಾಕ್ಷ ಎಂದರೆ ನಾನು. ಕಾಸರಗೋಡಿನ ಕಡೆಯವನು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮಲಯಾಳ. ಎರಡನ್ನೂ ಹುಟ್ಟಿನಿಂದ ಬಲ್ಲವನ ಮುಂದೆ ಈ ಮಾತು ಆಡಿದರೆ ಮೈ ಉರಿಯದೆ ಇರುತ್ತದೆಯೇ? ಆದರೆ ಅವರು ಕೇಂದ್ರ ಸರ್ಕಾರದ ನಮ್ಮ ಕಚೇರಿಯಲ್ಲಿ ಸೂಪರಿಂಟೆಂಡೆಂಟು, ನಾನು ಅವರ ಕೈಕೆಳಗಿನ ಗುಮಾಸ್ತ. ಸಾಲದ್ದಕ್ಕೆ ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿ ಅವರದೊಂದು ಕೋಣೆ, ನನ್ನದೊಂದು ಕೋಣೆ. ಬೆಳಿಗ್ಗೆ ಅವರ ಮುಖ, ಹಗಲೆಲ್ಲ ಅವರ ಮುಖ, ರಾತ್ರಿಯೂ ಅವರ ಮುಖ. ಬಾಯಿಗೆ ಬೀಗ ಹಾಕಿಕೊಳ್ಳದೆ ನನಗೆ ಬೇರೆ ದಾರಿಯಿರಲಿಲ್ಲ.

ಬಡ್ತಿಯ ಮೇಲೆ ಅವರು ಮೊದಲು ಬಂದದ್ದು ನಾನಿದ್ದ ತಿರುವನಂತಪುರದ ಕಚೇರಿಗೆ. ಅಲ್ಲಿ ಮೊದಲ ದಿನವೇ ಶಾಂತಾ ಎಂಬ ಹಿರಿಯ ಗುಮಾಸ್ತೆಯ ಮೇಜಿನ ಮುಂದೆ ನಿಂತು, "ಪಟ್ಟಿ ಎಲ್ಲದ? ಪಟ್ಟಿ ಕೊಡ್ರಿ," ಎಂದರು. ಬೇಕಿದ್ದದ್ದು ಸಿಬ್ಬಂದಿಯ ಪಟ್ಟಿ. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಪಾಪ, ಆ ಹೆಂಗಸು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡು ಮೇಜಿನ ಅಡಿಗೆ ಬಗ್ಗಿ ನೋಡಿದರು. ಇಡೀ ವಿಭಾಗ ನಕ್ಕಿತು. ಕಟ್ಟಿಯವರೂ ನಕ್ಕರು, ಏಕೆಂದು ತಿಳಿಯದೆ. ಒಂದು ವರ್ಷದ ಮೇಲೆ ಅವರಿಗೂ ನನಗೂ ಒಟ್ಟಿಗೇ ಕೊಚ್ಚಿಗೆ ವರ್ಗವಾಯಿತು. ಅವರ ಹೆಸರೂ ಅವರಿಗೆ ಉಪಕಾರ ಮಾಡಲಿಲ್ಲ. ಮಲಯಾಳದಲ್ಲಿ ಕಟ್ಟಿ ಎಂದರೆ ದಪ್ಪ. ತೊಂಬತ್ತು ಕಿಲೋ ತೂಗುವ ಮನುಷ್ಯನನ್ನು "ಕಟ್ಟಿ ಸಾರ್" ಎಂದು ಕರೆಯುವಾಗ ನಮ್ಮ ಪ್ಯೂನನ ಮುಖದಲ್ಲಿ ಒಂದು ಸಂತೋಷ ಮೂಡುತ್ತಿತ್ತು, ಅದನ್ನು ನಾನೇ ಕಂಡಿದ್ದೇನೆ.

ಆ ತೊಂಬತ್ತು ಕಿಲೋದಿಂದಲೇ ಈ ಕತೆ ಶುರುವಾಗುವುದು. ಅವರಿಗೆ ಸಕ್ಕರೆ ಕಾಯಿಲೆ. ದಿನಾ ನಲವತ್ತು ನಿಮಿಷ ನಡೆಯಲೇಬೇಕು ಎಂದು ಡಾಕ್ಟರ ಅಪ್ಪಣೆ. ರಾತ್ರಿ ಒಂಬತ್ತಕ್ಕೆ ಸರಿಯಾಗಿ ಧಾರವಾಡದಿಂದ ಅವರ ಹೆಂಡತಿ ರತ್ನಕ್ಕನವರ ಫೋನು: "ನಡದ್ರೇನು?" ಕಟ್ಟಿಯವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ, ಹೇಳಿದರೆ ದನಿಯಲ್ಲೇ ಸಿಕ್ಕಿಬೀಳುತ್ತಿದ್ದರು. ಆದ್ದರಿಂದ ನಡೆಯಲೇಬೇಕಾಗಿತ್ತು. 2009ರ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ರಸ್ತೆಯಲ್ಲಿ ನಡೆಯುವುದು ಅಸಾಧ್ಯವಾಗಿ, ನಮ್ಮ ಮನೆಯ ಹಿಂದಿನ ವ್ಯಾಪಾರ ಸಂಕೀರ್ಣಕ್ಕೆ ಹೋಗತೊಡಗಿದರು. ಯಾವುದೋ ಸರ್ಕಾರಿ ಸಂಸ್ಥೆಯವರು ಕಟ್ಟಿಸಿ ಬಿಟ್ಟಿದ್ದ ಕಟ್ಟಡ ಅದು. ಅಂಗಡಿಗಳಿಗೆ ಜನವೇ ಬಂದಿರಲಿಲ್ಲ, ಶಟರುಗಳೆಲ್ಲ ಮುಚ್ಚಿದ್ದವು. ಆದರೆ ನೆಲ ನುಣುಪು, ಮೇಲೆ ತಗಡಿನ ಮಾಡು, ಉದ್ದಕ್ಕೂ ಅಗಲವಾದ ಜಗಲಿ. ಜಗಲಿಯ ಒಂದು ತುದಿಯಲ್ಲಿ ಎತ್ತರದ ಗೋದಾಮಿಗೆ ಸಾಮಾನಿನ ಗಾಡಿ ಹತ್ತಿಸಲು ಮಾಡಿದ ಇಳಿಜಾರು, ಇನ್ನೊಂದು ತುದಿಯಲ್ಲಿ ಒಂದು ಚಹಾದಂಗಡಿ. ಕಟ್ಟಿಯವರು ನಡೆಯುವಷ್ಟು ಹೊತ್ತು ನಾನು ಚಹಾದಂಗಡಿಯ ಬೆಂಚಿನಲ್ಲಿ ಕೂತಿರುತ್ತಿದ್ದೆ. ಜತೆಗೆ ಬಾ ಎಂದು ಅವರು ಕರೆದರೂ, ನನ್ನ ಸಕ್ಕರೆ ಸರಿಯಿದೆ ಎಂದು ಹೇಳಿ ಇನ್ನೊಂದು ಚಹಾ ತರಿಸಿಕೊಳ್ಳುತ್ತಿದ್ದೆ.

ಆ ಜಗಲಿ ಬೇರೆಯವರಿಗೂ ಬೇಕಾಗಿತ್ತು. ಆಯೇಷಾ ಎಂಬ ಹತ್ತನೇ ತರಗತಿಯ ಹುಡುಗಿ, ಅವಳ ಜತೆ ಮೂರು ಹುಡುಗರು. ಆಯೇಷಾಳ ತಂದೆ ಶಾರ್ಜಾದಲ್ಲಿ ಕೆಲಸಕ್ಕಿದ್ದರು, ಅವಳಿಗೆ ಅಲ್ಲಿಂದ ಸ್ಕೇಟ್‌ಬೋರ್ಡ್ ಕಳಿಸಿದ್ದರು. ನಾಲ್ಕು ಪುಟ್ಟ ಚಕ್ರದ ಹಲಗೆ. ಅದರ ಮೇಲೆ ನಿಂತು ಇಳಿಜಾರಿನಿಂದ ಜಾರಿ ಜಗಲಿಯ ಉದ್ದಕ್ಕೂ ಬರುವುದು, ನಡುವೆ ಹಲಗೆಯ ಸಮೇತ ಹಾರುವುದು, ಬೀಳುವುದು, ಏಳುವುದು. ನಾಲ್ವರಿಗೆ ಎರಡೇ ಹಲಗೆ, ಸರದಿಯ ಮೇಲೆ ಆಡುತ್ತಿದ್ದರು. ಮಳೆಗಾಲದಲ್ಲಿ ಆ ಊರಿನಲ್ಲಿ ಅವರಿಗೆ ಒಣಗಿದ ಜಾಗ ಅಂತ ಇದ್ದದ್ದು ಅದೊಂದೇ.

ಎರಡನೆಯ ದಿನವೇ ಹತ್ತುವವರಿಲ್ಲದ ಹಲಗೆಯೊಂದು ತಾನಾಗಿ ಓಡಿ ಬಂದು ಕಟ್ಟಿಯವರ ಮೊಣಕಾಲ ಕೆಳಗೆ ಬಡಿಯಿತು. ಕಟ್ಟಿಯವರು ಕೂತ ಭಂಗಿಯಲ್ಲಿ ನೆಲಕ್ಕೆ ಬಂದರು. ಮಕ್ಕಳು ಓಡಿ ಬಂದು ಎಬ್ಬಿಸಿ ನಾಲ್ಕು ಸಲ ಸಾರಿ ಕೇಳಿದರು. ಕಟ್ಟಿಯವರು ಕುಂಟುತ್ತ ಹೊರಟರು. ಮನೆಗೆ ಬಂದವರೇ ಬಿಳಿ ಕಾಗದ ತೆಗೆದುಕೊಂಡು ಇಂಗ್ಲಿಷಿನಲ್ಲಿ ಮೂರು ಪುಟದ ದೂರು ಬರೆದರು. ಅರ್ಜಿ, ಟಿಪ್ಪಣಿ, ಕರಡು ಇವುಗಳಲ್ಲಿ ಅವರನ್ನು ಮೀರಿಸುವವರು ನಮ್ಮ ಇಲಾಖೆಯಲ್ಲೇ ಇರಲಿಲ್ಲ. "ಸದರಿ ಹಲಗೆಗಳು ಯಾರ ಹತೋಟಿಯೂ ಇಲ್ಲದೆ ತಾವಾಗಿಯೇ ಸಂಚರಿಸಿ ಸಾರ್ವಜನಿಕರ ಮೇಲೆ ಎರಗುತ್ತವೆ" ಎಂಬ ಅರ್ಥದ ಒಂದು ವಾಕ್ಯವನ್ನು ನನಗೆ ಎರಡು ಸಲ ಓದಿ ಹೇಳಿದರು. ಐದು ಪ್ರತಿ ಮಾಡಿ, ಐದು ಕಡೆಗೆ ಕಳಿಸಿ, ಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದರು.

ಅಲ್ಲಿಗೆ ಅವರು ಅದನ್ನು ಮರೆತರು. ಸಿಟ್ಟೆಲ್ಲ ಕಾಗದಕ್ಕೆ ಇಳಿದರೆ ಆ ಮನುಷ್ಯನ ಹೊಟ್ಟೆಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಇದು ಅವರ ದೊಡ್ಡ ಗುಣ ಎಂದು ನಾನು ಈಗಲೂ ಹೇಳುತ್ತೇನೆ.

ಒಂದು ವಾರ ಕಳೆದಿರಬೇಕು. ಮಾಡಿನ ತಗಡಿನ ಮೇಲೆ ಮಳೆ ಕಿವಿ ಕಿತ್ತುಹೋಗುವ ಹಾಗೆ ಸುರಿಯುತ್ತಿತ್ತು. ಚಹಾದಂಗಡಿಯಿಂದ ನೋಡುತ್ತೇನೆ, ಇಳಿಜಾರಿನ ತಲೆಯಲ್ಲಿ ಆಯೇಷಾ ಹಲಗೆಯ ಮೇಲೆ ನಿಂತಿದ್ದಾಳೆ, ಕಟ್ಟಿಯವರು ಅವಳ ಬೆನ್ನಮೇಲಿನ ಚೀಲಕ್ಕೆ ಎರಡೂ ಕೈ ಕೊಟ್ಟು ಜೋರಾಗಿ ನೂಕಿದರು. ನಾನು ಚಹಾ ಬಿಟ್ಟು ಎದ್ದೆ. ಹುಡುಗಿ ಕಿರುಚುತ್ತ ಇಳಿದು, ಜಗಲಿಯ ಅರ್ಧದವರೆಗೆ ಬಂದು, ಹಲಗೆಯಿಂದ ಹಾರಿ, ನಗತೊಡಗಿದಳು. ಕಟ್ಟಿಯವರು ಆ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿ ನಿಂತಿದ್ದರು.

ಆ ರಾತ್ರಿ ಅವರ ಸಂಭ್ರಮ ಹೇಳತೀರದು. "ಹುಡುಗೂರು ನನ್ನ ಕರದ್ರೋ ಕಮಲಾಕ್ಷಾ! ಅಂಕಲ್, ನೂಕು ನೂಕು ಅಂತ ಒಂದೇ ಸಮ. ಮೂರು ವರ್ಷ ಆಗ್ಲಿಕ್ಕ ಬಂತು ಈ ಕೇರಳಕ್ಕ ಬಂದು, ಯಾವನರೆ ನನ್ನ ಒಂದು ಕೆಲಸಕ್ಕ ಕರದಾನೇನು ಹೇಳು?"

"ನೂಕಿದ್ದು ಸರಿ. ಕಣ್ಣು ಯಾಕೆ ಮುಚ್ಚಿದ್ದು ಸರ್?"

"ಬಿದ್ದರ ನೋಡೋ ಧೈರ್ಯ ನನಗಿಲ್ಲಪಾ."

ಮಕ್ಕಳು ಮಲಯಾಳದಲ್ಲಿ ಕೇಳಿದ್ದನ್ನು ಇವರು ಹೇಗೋ ಅರ್ಥ ಮಾಡಿಕೊಂಡು ನನಗೆ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಾರೆ ಅಂದುಕೊಂಡೆ. ಅಂದುಕೊಂಡವನಿಗೆ ಬುದ್ಧಿ ಇರಲಿಲ್ಲ, ಅಷ್ಟೇ.

ಅಂದಿನಿಂದ ಅದು ನಿತ್ಯದ ಸೇವೆಯಾಯಿತು. ಇಪ್ಪತ್ತು ನಿಮಿಷ ನಡಿಗೆ, ಇಪ್ಪತ್ತು ನಿಮಿಷ ನೂಕುವುದು. ಮಕ್ಕಳು ಸರದಿಯ ಮೇಲೆ ನಿಲ್ಲುತ್ತಿದ್ದರು, ಕೂಗುತ್ತಿದ್ದರು, ಇವರು ನೂಕುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು. ಜುಲೈಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಇಳಿದಿತ್ತು. ಕಚೇರಿಯಲ್ಲಿ ಕಡತಗಳನ್ನು ಎಸೆಯುವುದು ಕಡಿಮೆಯಾಯಿತು. ಒಂದು ಭಾನುವಾರ ಧಾರವಾಡದಿಂದ ಪೇಢಾ ತರಿಸಿ ಮಕ್ಕಳಿಗೆ ಹಂಚಿದರು. ಒಂದೂ ಬಾಯಿಗೆ ಹಾಕಿಕೊಳ್ಳದೆ ಡಬ್ಬಿಯನ್ನು ಮೂಸಿ ನೋಡಿ ಮುಚ್ಚಿದ್ದನ್ನು ಕಂಡು ನನಗೆ ಅಯ್ಯೋ ಅನ್ನಿಸಿತು.

ಕಟ್ಟಿಯವರು ದೂರನ್ನು ಮರೆತಿದ್ದರು. ಸಂಸ್ಥೆ ಮರೆತಿರಲಿಲ್ಲ. ಆಗಸ್ಟ್ ಮೊದಲ ವಾರ ಜಗಲಿಯ ಕಂಬದ ಮೇಲೆ ಮಲಯಾಳದ ನೋಟೀಸು ಅಂಟಿತು. ಶ್ರೀ ವಿ. ಆರ್. ಕಟ್ಟಿ ಎಂಬವರು ಕೊಟ್ಟ ದೂರಿನ ಮೇಲೆ ಶುಕ್ರವಾರ ಸಂಜೆ ಏಳಕ್ಕೆ ಸ್ಥಳ ಪರಿಶೀಲನೆ. ದೂರು ನಿಜವೆಂದು ಕಂಡರೆ ಜಗಲಿಯ ಎರಡೂ ಕಡೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿಯಲಾಗುವುದು. ದೂರುದಾರರು ಹಾಜರಿರತಕ್ಕದ್ದು.

"ಆರಾ ಈ ಕಟ್ಟಿ?" ಎಂದು ಆಯೇಷಾ ಕೂಗಿದಳು. ಯಾರು ಈ ಕಟ್ಟಿ? ಹೆಸರೇ ಹೀಗಿದ್ದ ಮೇಲೆ ಅವನ ಚರ್ಮವೂ ದಪ್ಪವೇ ಇರಬೇಕು ಎಂದ ಒಬ್ಬ ಹುಡುಗ. ಸಿಕ್ಕಿದರೆ ಚರಂಡಿಗೆ ಉರುಳಿಸುತ್ತೇನೆ ಎಂದ ಇನ್ನೊಬ್ಬ. ಅವರ ಪಾಲಿಗೆ ನಮ್ಮವರು ಬರೀ ಅಂಕಲ್. ಅದೃಷ್ಟಕ್ಕೆ ನಾನೂ ಅವರನ್ನು ಹೆಸರು ಹಿಡಿಯದೆ ಬರೀ ಸರ್ ಎನ್ನುತ್ತಿದ್ದೆ. ಆಯೇಷಾ ನೋಟೀಸನ್ನು ಇಂಗ್ಲಿಷಿನಲ್ಲಿ ವಿವರಿಸಿ, ಇಂಥ ಮನುಷ್ಯನಿಗೆ ಏನು ಮಾಡಬೇಕು ಹೇಳಿ ಅಂಕಲ್ ಎಂದು ಕೇಳಿದಳು. "ಶೇಮ್‌ಲೆಸ್ ಫೆಲೋ," ಎಂದರು ಕಟ್ಟಿಯವರು. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

ಮರುದಿನವೇ ದೂರನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಬರೆದು ಸ್ವತಃ ಹೋಗಿ ಕೊಟ್ಟರು. ಸಾರ್ವಜನಿಕ ಹಿತದ ದೂರು ಒಮ್ಮೆ ದಾಖಲಾದ ಮೇಲೆ ಅದು ಸಾರ್ವಜನಿಕರದು, ನಿಮ್ಮದಲ್ಲ ಎಂದು ಅಲ್ಲಿ ಹೇಳಿದರಂತೆ. ಕಟ್ಟಿಯವರು ವಾದಿಸಲಿಲ್ಲ. ಆ ಅಧಿಕಾರಿಯ ಕುರ್ಚಿಯಲ್ಲಿ ಕೂತಿದ್ದರೆ ತಾವೂ ಅದನ್ನೇ ಹೇಳುತ್ತಿದ್ದರು.

"ಈಗ ಆ ಹುಡುಗೂರ ಜಾಗಾ ಹೋಗ್ತದ. ಅದರ ಕೂಡ ನಾನೂ ಹೋದೆ," ಎಂದರು ಗುರುವಾರ ರಾತ್ರಿ. ಊಟ ಮಾಡಲಿಲ್ಲ.

"ನಾಳೆ ನೀವು ಬಾಯಿ ಮುಚ್ಚಿ ನಿಂತರೆ ಆಯ್ತು ಮಾರಾಯ್ರೆ. ದೂರುದಾರ ಬರಲಿಲ್ಲ ಅಂತ ಬರ್ಕೊಂಡು ಹೋಗ್ತಾರೆ. ಯಾರಿಗೆ ಗೊತ್ತಾಗ್ತದೆ?"

"ಬರಲಿಲ್ಲ ಅಂದ್ರ ದೂರಿನ್ಯಾಗ ಬರದದ್ದೆಲ್ಲಾ ಖರೇ ಅಂತ ಒಪ್ಪಿಕೊಂಡಂಗ ಆಗ್ತದೋ. ರೂಲ್ ಹಂಗದ."

ಶುಕ್ರವಾರ ಬೆಳಗಿನಿಂದಲೇ ಮಳೆ. ಏಳೂ ಕಾಲಿಗೆ ಸಂಸ್ಥೆಯ ಎಸ್ಟೇಟ್ ಆಫೀಸರ್ ಸುಗುಣನ್ ಬಂದರು. ಐವತ್ತು ದಾಟಿದ ಸಣಕಲು ಮನುಷ್ಯ, ತೋಯ್ದ ಪ್ಯಾಂಟು, ಪ್ಲಾಸ್ಟಿಕ್ ಚೀಲದಲ್ಲಿ ಕಡತ, ಮುಖದಲ್ಲಿ ಮನೆಗೆ ಹೋಗುವ ಆತುರ. ಭಾಷೆಗೆ ಬೇಕಾಗಬಹುದು ಎಂದು ಅಂದು ನಾನೂ ಇಳಿಜಾರಿನ ಹತ್ತಿರ ನಿಂತಿದ್ದೆ. ನಾಲ್ಕು ಮಕ್ಕಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು.

ಸುಗುಣನ್ ಕಡತ ತೆಗೆದು, "ವಿ. ಆರ್. ಕಟ್ಟಿ ಆರಾ?" ಎಂದರು.

ಆಯೇಷಾ ಅತ್ತ ಇತ್ತ ಕಣ್ಣಾಡಿಸಿ, ಬರದೆ ಅಡಗಿದ ಹೇಡಿಯನ್ನು ಹುಡುಕಿದಳು. ಸುಮ್ಮನಿರಿ ಸರ್ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಕಟ್ಟಿಯವರು ಎರಡು ಹೆಜ್ಜೆ ಮುಂದೆ ಬಂದರು.

"ಐ ಆಮ್ ಕಟ್ಟಿ, ಸರ್."

"ಅಂಕಲ್, ಯು?" ಎಂದಳು ಆಯೇಷಾ. ಆ ಹುಡುಗಿಯ ಮುಖ ನೋಡಲಾಗಲಿಲ್ಲ. ಕಟ್ಟಿಯವರು ತಲೆ ತಗ್ಗಿಸಿಕೊಂಡೇ, ಬರೆದದ್ದು ನಾನೇ, ತಪ್ಪು ಬರೆದೆ, ಸಿಟ್ಟಿನಲ್ಲಿ ಬರೆದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಬರೆದ ಮೇಲೆ ಆಯಿತಲ್ಲ ಎಂದು ಸುಗುಣನ್ ದೂರನ್ನು ಗಟ್ಟಿಯಾಗಿ ಓದತೊಡಗಿದರು. ಹಲಗೆಗಳು ತಾವಾಗಿಯೇ ಸಂಚರಿಸುತ್ತವೆ ಎಂಬಲ್ಲಿಗೆ ಬಂದಾಗ ಆಯೇಷಾಗೆ ತಡೆಯಲಾಗಲಿಲ್ಲ. ಮುಂದೆ ನುಗ್ಗಿ ಹಲಗೆಯನ್ನು ಇಳಿಜಾರಿನ ತಲೆಯ ಸಮತಟ್ಟಿನಲ್ಲಿ ಇಟ್ಟು, ಇದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ ಸಾರ್, ಬೇಕಾದರೆ ನೀವೇ ನಿಂತು ನೋಡಿ ಎಂದು ಮಲಯಾಳದಲ್ಲಿ ಸವಾಲು ಹಾಕಿದಳು.

ಸುಗುಣನ್‌ಗೆ ಬೇಗ ಮುಗಿಸಬೇಕಿತ್ತು. ಒಂದು ಕೈಯಲ್ಲಿ ಕಂಬ ಹಿಡಿದು, ಒಂದು ಕಾಲಿಟ್ಟರು. ಹಲಗೆ ಅಲುಗಲಿಲ್ಲ. ಇನ್ನೊಂದು ಕಾಲಿಟ್ಟರು. ಆಗಲೂ ಅಲುಗಲಿಲ್ಲ. ಕಂಬ ಬಿಟ್ಟರು.

ಆಯೇಷಾ ಗೆದ್ದವಳಂತೆ ಚಕ್ರದ ಕಡೆ ಬೆರಳು ತೋರಿಸಿ ಕೂಗಿದಳು: "ನೋಕ್ಕ್! ಸಾರೇ, ನೋಕ್ಕ್!"

ಮಲಯಾಳದಲ್ಲಿ ನೋಕ್ಕ್ ಎಂದರೆ ನೋಡು. ನೋಡಿ ಸಾರ್, ನೋಡಿ, ಅಲುಗುತ್ತಿಲ್ಲ ಎಂದು ಆ ಹುಡುಗಿ ಹೇಳುತ್ತಿದ್ದಳು. ಆ ಒಂದು ಗಳಿಗೆಯಲ್ಲಿ ನನಗೆ ಎರಡು ತಿಂಗಳದ್ದೆಲ್ಲ ಹೊಳೆಯಿತು. "ಸರ್, ಬೇಡ!" ಎಂದು ನಾನು ಕೂಗುವಷ್ಟರಲ್ಲಿ, ಮಾಡಿದ ತಪ್ಪಿಗೆ ಏನಾದರೂ ಸಹಾಯ ಮಾಡಲು ಹಾತೊರೆಯುತ್ತ ನಿಂತಿದ್ದ ಕಟ್ಟಿಯವರು ಸುಗುಣನ್‌ರ ಬೆನ್ನಿಗೆ ಎರಡೂ ಕೈ ಕೊಟ್ಟು ತೊಂಬತ್ತು ಕಿಲೋದ ಬಲದಿಂದ ನೂಕಿ, ಕಣ್ಣು ಮುಚ್ಚಿಕೊಂಡರು.

ಸುಗುಣನ್ ಕೂಗಲಿಲ್ಲ. ಕಡತವನ್ನು ಎದೆಗೆ ಅವುಚಿಕೊಂಡು, ಮೊಣಕಾಲು ಮಡಚಿ, ಇಳಿಜಾರು ಇಳಿದು, ಜಗಲಿಯ ಉದ್ದಕ್ಕೂ ಮುಚ್ಚಿದ ಶಟರುಗಳನ್ನು ಒಂದೊಂದಾಗಿ ದಾಟುತ್ತ ಹೋದರು. ಒಂದು ಚಪ್ಪಲಿ ನಡುವೆಯೇ ಉಳಿಯಿತು. ಕೊನೆಗೆ ಹಲಗೆ ಚಹಾದಂಗಡಿಯ ಬೆಂಚಿನ ಕಾಲಿಗೆ ತಾಗಿ ನಿಂತಿತು. ಸುಗುಣನ್ ಅರ್ಧ ಸುತ್ತು ತಿರುಗಿ ಬೆಂಚಿನ ಮೇಲೆ ಸರಿಯಾಗಿ ಕೂತರು.

"ಚಾಯ?" ಎಂದ ಅಂಗಡಿಯವನು.

ನಾವು ಓಡಿದೆವು. ಸುಗುಣನ್‌ರ ಮುಖ ಬಿಳುಚಿತ್ತು, ಆದರೆ ಮೈಮೇಲೆ ಒಂದು ಗೀರೂ ಇರಲಿಲ್ಲ. ನಾಲಗೆ ಮರಳಿ ಬಂದ ಮೇಲೆ, ಎಲ್ಲವನ್ನೂ ಬರೆಯುತ್ತೇನೆ, ನಾಳೆಯೇ ಗೇಟು ಹಾಕಿಸುತ್ತೇನೆ ಎಂದು ಇಂಗ್ಲಿಷಿನಲ್ಲಿ ಗುಡುಗಿದರು. ಮಕ್ಕಳು ಅಲ್ಲೇ ಕುಸಿದರು. ಕಟ್ಟಿಯವರಿಗೆ ತಾವೇನು ಮಾಡಿದೆವು ಎಂಬುದು ಇನ್ನೂ ತಿಳಿದಿರಲಿಲ್ಲ. ಆದರೆ ಬರೆಯುತ್ತೇನೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ನೆಟ್ಟಗಾದರು. ಅದು ಅವರ ಹೊಲ.

ಬೆಂಚಿನಲ್ಲಿ ಪಕ್ಕಕ್ಕೆ ಕೂತು, ತಗ್ಗಿದ ದನಿಯಲ್ಲಿ, ಕಚೇರಿಯ ಇಂಗ್ಲಿಷಿನಲ್ಲಿ ಶುರುಮಾಡಿದರು. ಸರ್, ಬರೆಯಿರಿ. ಹಲಗೆ ಓಡಿತು ಎಂದು ಬರೆದರೆ ಮೇಲಿನವರು ಕೇಳುವ ಮೊದಲ ಪ್ರಶ್ನೆ, ಮೇಲೆ ಯಾರಿದ್ದರು? ಪರಿಶೀಲನಾಧಿಕಾರಿ ಎನ್ನಬೇಕಾಗುತ್ತದೆ. ಯಾವ ನಿಯಮದ ಪ್ರಕಾರ ಹತ್ತಿದಿರಿ ಎಂದು ವಿವರಣೆ ಕೇಳುತ್ತಾರೆ. ವಿವರಣೆ ಕೊಟ್ಟರೆ ಅದರ ಮೇಲೆ ಟಿಪ್ಪಣಿ. ಆ ಕಡತ ನೀವು ನಿವೃತ್ತರಾದ ಮೇಲೂ ಬದುಕಿರುತ್ತದೆ.

ಸುಗುಣನ್ ಚಹಾ ಕುಡಿಯುವುದನ್ನು ನಿಲ್ಲಿಸಿದರು.

ಕಟ್ಟಿಯವರು ಜೇಬಿನಿಂದ ಪೆನ್ನು ತೆಗೆದು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಮೂರು ವಾಕ್ಯ ಬರೆದರು. ಸ್ಥಳ ಪರಿಶೀಲಿಸಲಾಯಿತು. ಪರಿಶೀಲನೆಯ ವೇಳೆ ಯಾವ ಹಲಗೆಯೂ ತಾನಾಗಿ ಸಂಚರಿಸಿದ್ದು ಕಂಡುಬರಲಿಲ್ಲ. ದೂರುದಾರರು ಖುದ್ದು ಹಾಜರಿದ್ದು ತೃಪ್ತಿ ವ್ಯಕ್ತಪಡಿಸಿದ್ದರಿಂದ ಕಡತ ಮುಕ್ತಾಯ. ಒಂದಕ್ಷರವೂ ಸುಳ್ಳಲ್ಲ ನೋಡಿ. ಸುಗುಣನ್ ಎರಡು ಸಲ ಓದಿ, ಒಂದು ಅಲ್ಪವಿರಾಮ ಸೇರಿಸಿ, ಸಹಿ ಹಾಕಿದರು. ಹುಡುಗನೊಬ್ಬ ಚಪ್ಪಲಿ ತಂದುಕೊಟ್ಟ. ಹೋಗುವಾಗ ನೋಟೀಸನ್ನು ತಾವೇ ಕಿತ್ತುಕೊಂಡು ಹೋದರು.

ಜಾಗ ಉಳಿಯಿತು. ಹುಡುಗರು ಕುಣಿದರು. ಆಯೇಷಾ ಹಲಗೆ ಎತ್ತಿ ಕಂಕುಳಲ್ಲಿಟ್ಟುಕೊಂಡು ಕಟ್ಟಿಯವರ ಮುಂದೆಯೇ ಹಾದು ಹೋದಳು. ನೇರ ಮನೆಯ ದಾರಿ ಹಿಡಿದಳು.

ಮನೆಗೆ ಬಂದ ಮೇಲೆ ನಾನು ಬಾಯಿಯ ಬೀಗ ತೆಗೆದೆ. "ನೋಕ್ಕ್ ಅಂದ್ರೆ ನೂಕು ಅಲ್ಲ ಸರ್! ನೋಡು ಅಂತ! ಎರಡು ತಿಂಗಳಿಂದ ಆ ಮಕ್ಕಳು ನಮ್ಮ ಆಟ ನೋಡಿ ಅಂಕಲ್, ನೋಡಿ ಅಂತ ಕರೀತಿದ್ರು. ನೀವು ಎಂತ ಮಾಡಿದ್ದು? ದಿನಾ ಕರೆದಾಗ ಕರೆದಾಗ ನೂಕಿದ್ದು! ಈಗ ಹುಡುಗರಲ್ಲಿ ಕೇಳಿದೆ, ನೂಕಿದ್ರೆ ಸುಮ್ಮನೆ ಯಾಕೆ ಇದ್ರಿ ಅಂತ. ಕರ್ನಾಟಕದಲ್ಲಿ ಹಾಗೇ ಪದ್ಧತಿ ಇರಬೇಕು ಅಂದ್ಕೊಂಡ್ರಂತೆ!"

ನಾನು ನಗುತ್ತಲೇ ಹೇಳಿದ್ದೆ. ಕಟ್ಟಿಯವರು ನಗಲಿಲ್ಲ. ಮಂಚದ ಮೇಲೆ ಕೂತು, "ನಾ ಒಮ್ಮಿನೂ ನೋಡ್ಲೇ ಇಲ್ಲಲ್ಲೋ," ಎಂದರು. ಆಮೇಲೆ ನನಗೂ ನಗು ಬರಲಿಲ್ಲ. ಇಷ್ಟು ವರ್ಷದಲ್ಲಿ ಆ ಮನುಷ್ಯನ ಮೇಲೆ ನನಗೆ ಮೊದಲ ಬಾರಿ ನಿಜವಾದ ಪ್ರೀತಿ ಹುಟ್ಟಿದ್ದು ಅವತ್ತು, ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮೂರು ದಿನ ಅವರು ಜಗಲಿಯ ಚಹಾದಂಗಡಿಯ ಕಡೆಯ ಅರ್ಧದಲ್ಲಷ್ಟೇ ನಡೆದರು. ಇಳಿಜಾರಿನ ಹತ್ತಿರ ಸುಳಿಯಲಿಲ್ಲ. ಹುಡುಗರು ಕೈ ಬೀಸಿದರೂ ಆಯೇಷಾ ಈ ಕಡೆ ತಿರುಗಲಿಲ್ಲ. ಅವಳು ಒಂದೇ ಆಟವನ್ನು ಮತ್ತೆ ಮತ್ತೆ ಮಾಡುತ್ತಿದ್ದಳು: ಇಳಿದು ಬರುತ್ತ ಹಲಗೆಯನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಮತ್ತೆ ಅದರ ಮೇಲೇ ನಿಲ್ಲುವುದು. ಬೀಳುತ್ತಿದ್ದಳು, ಏಳುತ್ತಿದ್ದಳು.

ನಾಲ್ಕನೆಯ ರಾತ್ರಿ ಮಳೆ ಸ್ವಲ್ಪ ಸಣ್ಣದಾಗಿತ್ತು. ಅವಳು ಇಳಿಜಾರಿನ ತಲೆಯಲ್ಲಿ ನಿಂತು ಸುಮ್ಮನೆ ಕಾಲು ಸರಿಪಡಿಸಿಕೊಳ್ಳುತ್ತಿದ್ದಳು. ಆಮೇಲೆ ಮುಖ ಗಂಟಿಕ್ಕಿಕೊಂಡೇ ಕೂಗಿದಳು:

"ಅಂಕಲೇ! ನೋಕ್ಕ್!"

ಕಟ್ಟಿಯವರು ನಡೆಯುವುದನ್ನು ನಿಲ್ಲಿಸಿದರು. ಎರಡೂ ಕೈಯನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡರು. ಆಯೇಷಾ ತನ್ನದೇ ವೇಗದಲ್ಲಿ ಇಳಿದಳು, ಹಾರಿದಳು, ಹಲಗೆ ಅವಳ ಕಾಲ ಕೆಳಗೆ ಒಂದು ಸುತ್ತು ತಿರುಗಿತು, ಅವಳು ಅದರ ಮೇಲೆ ನಿಂತು ನಮ್ಮ ಮುಂದಿನಿಂದಲೇ ಹಾದು ಹೋದಳು. ಹುಡುಗರು ಕಿರುಚಿದ್ದು ಮಳೆಯ ಸದ್ದನ್ನೂ ಮೀರಿತು.

ಕಟ್ಟಿಯವರ ಕಣ್ಣು ತುಂಬಿತ್ತು. "ಆ ಕೂಸು ನನ್ನ ಇಷ್ಟು ದಿನಾ ಕರೀತಿದ್ದದ್ದು ಇದನ್ನ ನೋಡ್ಲಿಕ್ಕೇನೋ, ಕಮಲಾಕ್ಷಾ?"

"ಹೌದು ಸರ್. ಇದನ್ನೇ."

ಅಷ್ಟರಲ್ಲಿ ಮುಂದಿನ ಹುಡುಗ ಹಲಗೆ ಹತ್ತಿದ್ದ. ಅವನು ಕರೆಯಲು ಬಾಯಿ ತೆರೆಯುವ ಮೊದಲೇ ಕಟ್ಟಿಯವರು ಕನ್ನಡಕ ಒರೆಸಿ ಹಾಕಿಕೊಂಡು ನೋಡುತ್ತ ನಿಂತಿದ್ದರು.